ಎಮ್ ಡಬ್ಬಿಯ ಸೋದರಮಾವ

ನನ್ನ ಟೈಪಿಂಗ್ ಅಂಗಡಿಯಲ್ಲಿ ಮೌಸ್ ಇಲ್ಲ. ಹಾಗೆಂದರೆ ಜನ ನನಗೇನೋ ತಾಪತ್ರಯ ಇದೆಯೆಂದು ಮುಖ ಸಣ್ಣದು ಮಾಡುತ್ತಾರೆ. ತಾಪತ್ರಯ ಇರುವುದು ಜಾಗದ್ದು. ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಹತ್ತಿರ ನಾನು ಹಿಡಿದ ಮಳಿಗೆ ಎಷ್ಟು ಚಿಕ್ಕದೆಂದರೆ, ಝೆರಾಕ್ಸ್ ಮಷಿನ್ ಒಳಗೆ ಬಂದ ದಿನ ನಾನು ಹೊರಗೆ ನಿಲ್ಲಬೇಕಾಯಿತು. ಮೇಜಿನ ಮೇಲೆ ಕೀಬೋರ್ಡಿಗೆ ಜಾಗ ಇದೆ, ಅದರ ಪಕ್ಕ ಇನ್ನೊಂದು ಗೇಣು ಇದೆ. ಆ ಗೇಣಿನಲ್ಲಿ ಯಾವಾಗಲೂ ಗಿರಾಕಿಯ ಮೊಣಕೈ ಇರುತ್ತದೆ. ಮೌಸ್ ಇಟ್ಟಿದ್ದ ಮೊದಲ ವಾರದಲ್ಲಿ, ಪರದೆ ನೋಡುತ್ತಾ ನೋಡುತ್ತಾ, ಮೂರು ಸಲ ಗಿರಾಕಿಯ ಕೈ ಹಿಡಿದು ಎಳೆದಿದ್ದೇನೆ. ಒಬ್ಬರು ಬಿಡಿಸಿಕೊಳ್ಳಲೂ ಇಲ್ಲ.

ಆಗ ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದವನು ಒಂದು ಎಡಿಟರ್ ಹಾಕಿಕೊಟ್ಟ. ಬೆರಳು ಕೀಲಿಗಳ ಮೇಲಿಂದ ಏಳಬೇಕಾಗಿಯೇ ಇಲ್ಲ. ಬರೆಯುವುದು, ಅಳಿಸುವುದು, ಎತ್ತಿ ಇಡುವುದು ಎಲ್ಲವೂ ಅಲ್ಲೇ. ಟೈಪ್‌ರೈಟಿಂಗ್ ಸೀನಿಯರ್ ಪಾಸಾದವಳು ನಾನು. ನನಗೆ ಅದು ಒಂದು ವಾರದಲ್ಲಿ ಒಗ್ಗಿತು. ಕಾರ್ಡಿನ ಬಣ್ಣ, ಚೌಕಟ್ಟು, ಫೋಟೋ ಇವೆಲ್ಲ ಆಮೇಲಿನ ಕೆಲಸ. ಮಾತು ಮಾತ್ರ ಇದರಲ್ಲೇ ಹುಟ್ಟಬೇಕು.

ನನಗೆ ಅದರಲ್ಲಿ ತುಂಬ ಹಿಡಿಸಿದ್ದು ರಿಜಿಸ್ಟರುಗಳು. ನಾನು ಅವನ್ನು ಡಬ್ಬಿ ಎನ್ನುತ್ತೇನೆ. ಬೇರೆ ಎಡಿಟರುಗಳಲ್ಲಿ ನಕಲು ಮಾಡಿದ್ದು ಒಂದೇ ಒಂದು ನೆನಪಿರುತ್ತದೆ. ಎರಡನೆಯದು ಬಂದ ಕೂಡಲೇ ಮೊದಲನೆಯದು ಹೋಯಿತು. ಇಲ್ಲಿ ಎ ಯಿಂದ ಝಡ್ ತನಕ ಇಪ್ಪತ್ತಾರು ಡಬ್ಬಿಗಳು. ಉದ್ಧರಣ ಚಿಹ್ನೆ ಒತ್ತಿ ಒಂದು ಅಕ್ಷರ ಒತ್ತಿದರೆ, ನಕಲು ಮಾಡಿದ್ದು ಆ ಅಕ್ಷರದ ಡಬ್ಬಿಗೆ ಹೋಗಿ ಕೂರುತ್ತದೆ. ಸಣ್ಣ ಅಕ್ಷರ ಒತ್ತಿದರೆ ಒಳಗಿದ್ದದ್ದನ್ನು ಚೆಲ್ಲಿ ಹೊಸದು ತುಂಬುತ್ತದೆ. ದೊಡ್ಡ ಅಕ್ಷರ ಒತ್ತಿದರೆ ಇದ್ದದ್ದರ ಹಿಂದೆ ಇದೂ ಸೇರುತ್ತದೆ. ಮಷಿನ್ ಬಂದ್ ಮಾಡಿ ಮನೆಗೆ ಹೋಗಿ ಮರುದಿನ ಬಂದರೂ ಒಳಗಿದ್ದದ್ದು ಒಳಗೇ ಇರುತ್ತದೆ. ಇವಲ್ಲದೆ ಅಡಿಗೆರೆ, ಅಂದರೆ ಅಂಡರ್‌ಸ್ಕೋರ್ ಕೀಲಿಯದು ಅಂತ ಇನ್ನೊಂದು ಇದೆ. ಅದಕ್ಕೆ ತಳ ಇಲ್ಲ. ಅದರಲ್ಲಿ ಹಾಕಿದ್ದನ್ನು ಹಾಕಿದವರೂ ತೆಗೆಯಲಾರರು. ಆ ಡಬ್ಬಿಯಿಂದ ನನಗೆ ಬಹಳ ದಿನ ಏನೂ ಕೆಲಸ ಬೀಳಲಿಲ್ಲ.

ನನ್ನ ಅಂಗಡಿಯ ಮುಖ್ಯ ವ್ಯಾಪಾರ ಮದುವೆ ಬಯೋಡಾಟಾ. ಓದಿದವರದ್ದು, ಓದದವರದ್ದು, ಎರಡನೇ ಸಂಬಂಧದ್ದು, ಎಲ್ಲವೂ ಬರುತ್ತವೆ. ಹುಡುಗಿಯ ಗುಣಗಳು ಕ್ಯು ಡಬ್ಬಿಯಲ್ಲಿ ಸದಾ ತಯಾರು: ಸೌಮ್ಯ ಸ್ವಭಾವ, ಗೃಹಕೃತ್ಯದಲ್ಲಿ ನಿಪುಣೆ, ಹಿರಿಯರಲ್ಲಿ ಗೌರವ. ಅದನ್ನು ನಾನು ಆ ಡಬ್ಬಿಗೆ ಹಾಕಿ ವರ್ಷಗಳಾದವು. ಈ ತಾಲೂಕಿನಲ್ಲಿ ಅದಾದ ಮೇಲೆ ಸಿಡುಕಿನ ಹುಡುಗಿ ಒಬ್ಬಳೂ ಮದುವೆಗೆ ಬಂದಿಲ್ಲ. ಎಫ್ ಡಬ್ಬಿಯಲ್ಲಿ ತಂದೆ, ಎಮ್ ಡಬ್ಬಿಯಲ್ಲಿ ಸೋದರಮಾವ. ನಮ್ಮ ಕಡೆ ಹುಡುಗಿಯ ಬೆನ್ನ ಹಿಂದೆ ಮಾಮಾ ನಿಲ್ಲದೆ ಅಕ್ಷತೆ ಬೀಳುವುದಿಲ್ಲ. ಆದ್ದರಿಂದ ಅವನಿಗೊಂದು ಸ್ವಂತ ಡಬ್ಬಿ. ಎಲ್ಲ ಡಬ್ಬಿಗಳನ್ನೂ ಸಾಲಾಗಿ ಸುರಿಯಲು ಒತ್ತಬೇಕಾದ ಕೀಲಿಗಳನ್ನೂ ಒಂದು ಡಬ್ಬಿಗೇ ಕಲಿಸಿಟ್ಟಿದ್ದೆ. ಎರಡು ಕೀಲಿ ಒತ್ತಿದರೆ ಹುಡುಗಿ ತಯಾರು.

ಈಗ ನಮ್ಮ ಮನೆಯ ವಿಷಯ. ಅಪ್ಪ ನಾವು ಸಣ್ಣವರಿದ್ದಾಗಲೇ ಹೋದ. ಅವ್ವನಿಗೆ ಒಬ್ಬನೇ ತಮ್ಮ, ಬೇಮಳಖೇಡದಲ್ಲಿ ಒಕ್ಕಲುತನ. ನನ್ನ ಮದುವೆಯನ್ನು ಮಾಡಿದವನೇ ಅವನು. ಮದುವೆಗೆ ಬಂದ ಗಂಡಸರಿಗೆಲ್ಲ ಟೋಪಿ-ಟಾವೆಲ್ ಕೊಟ್ಟು ಮರ್ಯಾದೆ ಮಾಡುತ್ತೇವಲ್ಲ, ಆ ಟೋಪಿಗಳನ್ನು ಅವನೇ ಎಣಿಸಿ, ಅವನೇ ತಂದು, ಅವನೇ ಹಂಚಿದ. ಕಡೆಗೆ ಅವನ ಸರದಿ ಬಂದಾಗ ಟಾವೆಲ್ ಇತ್ತು, ಟೋಪಿ ಇರಲಿಲ್ಲ. ಎಣಿಸುವಾಗ ತನ್ನನ್ನೇ ಬಿಟ್ಟಿದ್ದ. ಟಾವೆಲನ್ನು ಕುರ್ಚಿಯ ಮೇಲಿಟ್ಟು ಎದ್ದು ಹೋದವನು ಹನ್ನೊಂದು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ತಪ್ಪು ಬೇರೆ ಯಾರದ್ದಾದರೂ ಆಗಿದ್ದರೆ ಅವರು ಕೈಮುಗಿದು ಮುಗಿಸುತ್ತಿದ್ದರು. ಅವನದ್ದೇ ಆದ್ದರಿಂದ ಮುಗಿಸುವವರೇ ಇರಲಿಲ್ಲ. ನನಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಅವನ ನೆನಪೂ ಆಗುತ್ತಿತ್ತು.

ಅದರ ಪೆಟ್ಟು ಬಿದ್ದದ್ದು ನನ್ನ ತಂಗಿಗೆ. ಅವಳ ಬಯೋಡಾಟಾದಲ್ಲಿ ಮಾಮಾನ ವಿವರ ಬರೆದು ಎರಡು ಕಡೆ ಕಳಿಸಿದೆವು. ಇಬ್ಬರೂ ಬೇಮಳಖೇಡಕ್ಕೆ ಹೋಗಿ ವಿಚಾರಿಸಿದರು. ಮಾಮಾ ಇಬ್ಬರಿಗೂ ಚಹಾ ಕುಡಿಸಿ, "ನಂಗೂ ಅವ್ರಿಗೂ ಸಂಬಂಧ ಇಲ್ರಿ" ಅಂದನಂತೆ. ಇಬ್ಬರೂ ಫೋನ್ ಎತ್ತುವುದನ್ನು ಬಿಟ್ಟರು. ಮೂರನೆಯ ಸಲ ಹುಮನಾಬಾದಿನ ಹುಡುಗ ಒಬ್ಬ ಬಂದು ನೋಡಿಕೊಂಡು ಹೋದ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ತಂಗಿ ಅವನ ಜೊತೆ ಫೋನಿನಲ್ಲಿ ಮಾತಾಡುತ್ತಾ ಜೋರಾಗಿ ನಕ್ಕಿದ್ದನ್ನು ನಾನು ಅಡುಗೆಮನೆಯಿಂದ ಕೇಳಿದೆ. ಮರುದಿನ ಅವಳು ಅಂಗಡಿಗೆ ಬಂದು ಹೇಳಿದಳು.

"ಅಕ್ಕ, ಇದೂ ಕೆಟ್ರ ನಾ ಇನ್ನ ಯಾರ ಮುಂದೂ ಚಹಾದ ತಟ್ಟಿ ಹಿಡ್ಕೊಂಡು ಬರಂಗಿಲ್ಲ. ನೋಡು ಮತ್ತ."

ಹುಡುಗನ ತಾಯಿ ಬಯೋಡಾಟಾ ಕೇಳಿದ್ದರು. ಅವ್ವ ನನಗೆ ಒಂದೇ ಮಾತು ಹೇಳಿದಳು: "ಈ ಸಲ ಮಾಮಾನ ಸಾಲೇ ಬ್ಯಾಡ. ಬಿಟ್ಟುಬಿಡು."

ಬಿಟ್ಟುಬಿಟ್ಟೆ. ಎಲ್ಲ ಡಬ್ಬಿಗಳಲ್ಲೂ ತಂಗಿಯ ವಿವರ ತುಂಬಿದೆ, ಎಮ್ ಡಬ್ಬಿಯನ್ನು ಮುಟ್ಟಲಿಲ್ಲ. ಎರಡು ಕೀಲಿ ಒತ್ತಿದೆ, ಫೋಟೋ ಹಾಕಿದೆ, ಹುಮನಾಬಾದಿಗೆ ವಾಟ್ಸಾಪ್ ಮಾಡಿದೆ. ಗಿರಾಕಿಗಳದ್ದನ್ನು ನಾನು ಎರಡು ಸಲ ಓದುತ್ತೇನೆ. ತಂಗಿಯದ್ದಲ್ಲವೇ ಅಂತ ಒಂದು ಸಲವೂ ಓದಲಿಲ್ಲ.

ಸಂಜೆ ಹುಡುಗನ ತಾಯಿ ಅವ್ವನಿಗೆ ಫೋನ್ ಮಾಡಿದರು. ದನಿಯಲ್ಲಿ ಸಕ್ಕರೆ. "ಅವ್ವಾರ, ನಮಗ ಬಾಳ ಪಸಂದ ಬಂತ್ರಿ. ಅದೂ ಹುಡಿಗಿ ಸೋದರಮಾವ ಹೆಡ್‌ಮಾಸ್ತರ್ ಅಂದ್ರ, ಇನ್ನೇನ ಬೇಕ್ರಿ? ಮಾತುಕತಿಗೆ ಅವ್ರನ್ನ ಜರೂರ ಕರಕೊಂಡು ಬರ್ರಿ. ನಮ್ಮ ದೊಡ್ಡ ಮಗನ ಮದಿವ್ಯಾಗ ಹುಡಿಗಿ ಮಾಮಾ ಅಕ್ಷತಿ ಹೊತ್ನ್ಯಾಗ ಬಂದು ಜಗಳಾ ತಗದ್ರಿ. ಅವತ್ತಿಂದ ನಮ್ಮದೊಂದೇ ಮಾತು. ಮಾಮಾನ ಮುಖಾ ನೋಡದ ನಾವು ಸುಪಾರಿ ಹಿಡಿದು ನಿಶ್ಚಯ ಮಾಡಂಗಿಲ್ಲ."

ಅವ್ವ ಫೋನ್ ಇಟ್ಟು ನನ್ನ ಕಡೆ ನೋಡಿದಳು. "ಯಾವ ಹೆಡ್‌ಮಾಸ್ತರ?"

ಬಯೋಡಾಟಾ ತೆಗೆದು ನೋಡಿದೆ. 'ಸೋದರಮಾವ: ನಿವೃತ್ತ ಮುಖ್ಯಗುರುಗಳು, ರಾಜೇಶ್ವರ.' ನಾಲ್ಕು ದಿನದ ಹಿಂದೆ ರಾಜೇಶ್ವರದವರು ತಮ್ಮ ಹುಡುಗಿಯ ಬಯೋಡಾಟಾ ಮಾಡಿಸಿದ್ದರು. ಅವರ ಮಾಮಾ ಎಮ್ ಡಬ್ಬಿಯಲ್ಲೇ ಕೂತಿದ್ದರು. ನಾನು ಮುಟ್ಟದೆ ಬಿಟ್ಟದ್ದನ್ನು ಖಾಲಿ ಎಂದುಕೊಂಡಿದ್ದೆ. ಎರಡು ಕೀಲಿ ಒತ್ತಿದಾಗ ಅವರೂ ಎಲ್ಲರ ಜೊತೆ ಸಾಲಿನಲ್ಲಿ ಬಂದು ನಿಂತಿದ್ದರು.

ನಾನು ಈಗಲೇ ಫೋನ್ ಮಾಡಿ ತಪ್ಪಾಯಿತು ಅನ್ನುತ್ತೇನೆ ಎಂದೆ. ಅವ್ವ ಫೋನನ್ನು ಸೆರಗಿನೊಳಗೆ ಸೇರಿಸಿದಳು.

"ತಪ್ಪಾತು ಅಂತಿ. ಮತ್ತ ಖರೇ ಮಾಮಾ ಎಲ್ಲಿ ಅಂತಾರ. ಏನ ಹೇಳ್ತಿ?"

ಹೀಗೆ ನಾನೂ ಅವ್ವನೂ, ಜೀವನದಲ್ಲಿ ಮೊದಲ ಸಲ, ಮಾಮಾನನ್ನು ಕಡ ಕೇಳಲು ರಾಜೇಶ್ವರದ ಬಸ್ ಹತ್ತಿದೆವು.

ಹೆಡ್‌ಮಾಸ್ತರರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪೇಪರಿನ ತಪ್ಪುಗಳಿಗೆ ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತಿದ್ದರು. ಅವರ ಸೋದರಸೊಸೆಯ ಸಂಬಂಧ ಆಗಲೇ ಕುದುರಿತ್ತು, ಆ ಬಗ್ಗೆ ಚಿಂತೆ ಇರಲಿಲ್ಲ. ನಾನು ಡಬ್ಬಿ, ಕೀಲಿ ಎಲ್ಲ ವಿವರಿಸಿ, ಒಂದು ದಿನದ ಮಟ್ಟಿಗೆ ಅವರು ನಮ್ಮ ಮಾಮಾ ಆಗಬಹುದೇ ಎಂದು ಕೇಳಿದೆ. ಬೈಯುತ್ತಾರೆ ಎಂದು ಚಪ್ಪಲಿ ಕಳಚಿರಲಿಲ್ಲ. ಅವರು ಕನ್ನಡಕ ಒರೆಸಿದರು.

"ಅರ್ಧ ಊರಿನ ಹುಟ್ಟಿದ ದಿನ ನಾನೇ ಬರದೀನಿ. ಎಲ್ಲಾರಿಗೂ ಜೂನ್ ಒಂದು. ಅದೆಲ್ಲಾ ಸರಕಾರದಾಗ ನಡೀತದ. ಒಂದು ಸಂಬಂಧ ಬರಿಯಾಕ ಬರಂಗಿಲ್ಲೇನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ, "ಅಚ್ಚಾದ ಮ್ಯಾಲ ಅದು ದಾಖಲೆ" ಅಂದರು.

ಆಮೇಲೆ ಶುರುವಾಯಿತು ನಮ್ಮ ಶಾಲೆ. ವಾರವಿಡೀ ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಅವ್ವ ಸಣ್ಣವಳಿದ್ದಾಗ ಯಾವ ಮರದಿಂದ ಬಿದ್ದಳು, ಅವರಪ್ಪನ ಎತ್ತುಗಳ ಬಣ್ಣ ಏನು, ರೊಟ್ಟಿಗೆ ಯಾವ ಪಲ್ಯ ಆಗದು, ಎಲ್ಲ ಬರೆದುಕೊಂಡರು. ಒಂದು ದಿನ ಅವ್ವ ಅವರಿಗೆ ಉತ್ತರ ಹೇಳುತ್ತಾ ಹೇಳುತ್ತಾ ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅವಳು ಮರದಿಂದ ಬಿದ್ದಾಗ ಮನೆಯ ತನಕ ಹೊತ್ತುಕೊಂಡು ಬಂದವನು ನಮ್ಮ ಖರೇ ಮಾಮಾ. ಆಗ ಅವನಿಗೆ ಎಂಟು ವರ್ಷ. "ಹೊತ್ತವರು ಯಾರು ಅಂತ ಬರ್ಕೊಳ್ಲಿ?" ಎಂದು ಹೆಡ್‌ಮಾಸ್ತರರು ಕೇಳುತ್ತಲೇ ಇದ್ದರು. "ನೀವೇ ರೀ ಸರ್" ಅಂದೆ. ನನಗೆ ನನ್ನ ಮೇಲೇ ಹೇಸಿಕೆ ಆಯಿತು.

ಹುಮನಾಬಾದಿಗೆ ಹೋಗುವ ಎರಡು ದಿನ ಮೊದಲು ಮಧ್ಯಾಹ್ನ ಅಂಗಡಿಯ ಮೇಜಿನ ಆ ಒಂದು ಗೇಣಿನ ಮೇಲೆ ಒಂದು ಮೊಣಕೈ ಬಂತು. ತಲೆ ಎತ್ತಿದರೆ ಮಾಮಾ. ಕೂದಲು ಪೂರಾ ಬೆಳ್ಳಗಾಗಿತ್ತು. ತಲೆಯ ಮೇಲೆ ಏನೂ ಇರಲಿಲ್ಲ. ನನ್ನ ಮದುವೆಯಾದಾಗಿನಿಂದ ಅವನು ಟೋಪಿಯನ್ನೇ ಹಾಕಿರಲಿಲ್ಲವೆಂದು ಯಾರೋ ಹೇಳಿದ್ದು ನಿಜವಾಗಿತ್ತು.

"ನಾ ಗಿರಾಕಿ ಆಗಿ ಬಂದೀನಿ," ಅಂದ. ನನ್ನ ಮುಖ ನೋಡಲಿಲ್ಲ, ಝೆರಾಕ್ಸ್ ಮಷಿನ್ ನೋಡಿ ಮಾತಾಡಿದ. "ಒಂದು ದುರಸ್ತಿ ಅದ."

ಫೋನ್ ತೆಗೆದು ತೋರಿಸಿದ. ತಂಗಿಯ ಬಯೋಡಾಟಾ. ಈ ಕಡೆಯ ಬಯೋಡಾಟಾಗಳು ಫೋನಿನಿಂದ ಫೋನಿಗೆ ತಾಲೂಕು ಸುತ್ತುತ್ತವೆ, ಅದು ಬೇಮಳಖೇಡಕ್ಕೂ ಮುಟ್ಟಿತ್ತು.

"ನನ್ನ ಜಾಗಾದಾಗ ಯಾರ್ನ ಕುಂದ್ರಿಸೀರಿ?"

ನನಗೂ ಸಿಟ್ಟು ನೆತ್ತಿಗೇರಿತು. "ಸಂಬಂಧ ಇಲ್ಲ ಅಂತ ಎರಡು ಮಂದಿಗೆ ಹೇಳಿ ಕಳಸೀದಿ ಮಾಮಾ. ಈಗ ಜಾಗಾ ಕೇಳ್ತಿ?"

"ಸಂಬಂಧ ಇಲ್ಲ ಅಂದೀನಿ. ಜಾಗಾ ಖಾಲಿ ಅದ ಅಂದಿಲ್ಲ," ಅಂದ ಮಾಮಾ.

"ಬರಿ" ಅಂದ, ಕೀಲಿಗಳ ಮೇಲೆ ಕೈ ಇಟ್ಟೆ. ಅವನು ಒಂದೊಂದೇ ಪದ ಬಿಟ್ಟು ಬಿಟ್ಟು ಹೇಳಿದ: 'ಸೋದರಮಾವ: ಒಕ್ಕಲುತನ, ಬೇಮಳಖೇಡ. ಬರುವುದಿಲ್ಲ.'

"ಕಡೀದೂ ಬರೀಬೇಕೇನು?"

"ಅದೇ ಮುಖ್ಯ. ಸೋದರಮಾವ ನಾನೇ. ಆದ್ರ ನಾ ಬರಂಗಿಲ್ಲ. ಎರಡೂ ಅದ್ರಾಗ ಇರಬೇಕು."

ಬರೆದೆ. ಹೆಡ್‌ಮಾಸ್ತರರ ಗಲಾಟೆಯಾದಾಗಿನಿಂದ ಹೆದರಿ ಗಿರಾಕಿಗಳ ಮಾಮಾಂದಿರನ್ನು ಎಮ್ ಡಬ್ಬಿಗೆ ಹಾಕುವುದನ್ನೇ ಬಿಟ್ಟಿದ್ದೆ. ಈ ಸಾಲನ್ನು ಮಾತ್ರ ಅದಕ್ಕೆ ಹಾಕಿದೆ. ಸಿಟ್ಟಿನಲ್ಲಿದ್ದೆನೋ, ಕಣ್ಣು ಮಂಜಾಗಿತ್ತೋ, ಸಣ್ಣ ಅಕ್ಷರ ಒತ್ತುವ ಬದಲು ದೊಡ್ಡದು ಒತ್ತಿದ್ದೆ. ಅದು ನನಗೆ ಆಮೇಲೆ ತಿಳಿಯಿತು. ಅವನ ಕೈಗೆ ಅವನ ಸಾಲು ಮಾತ್ರ ಇದ್ದ ಒಂದು ಪ್ರಿಂಟ್ ಕೊಟ್ಟೆ. ನಾಲ್ಕಾಗಿ ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು, "ಹುಮನಾಬಾದಿಗೆ ಯಾವತ್ತ ಹೊಂಟೀರಿ?" ಎಂದು ಮಷಿನ್ನಿಗೇ ಕೇಳಿದ. ಹೇಳಿದೆ. ಹೋದ.

ಹುಮನಾಬಾದಿಗೆ ಹೋದ ದಿನ ತಂಗಿ ಮನೆಯಲ್ಲಿ ಫೋನ್ ಹಿಡಿದು ಕೂತಿದ್ದಳು. ನಾವು ಬಸ್ಸಿನಿಂದ ಇಳಿಯುವ ಮೊದಲೇ ಮೂರು ಸಲ 'ಏನಾಯಿತು' ಎಂದು ಕೇಳಿದ್ದಳು. ಹೆಡ್‌ಮಾಸ್ತರರು ರಾಜೇಶ್ವರದಲ್ಲಿ ಹತ್ತಿದರು, ಮೈಮೇಲೆ ಕೋಟು, ಕೈಯಲ್ಲಿ ನೋಟ್‌ಬುಕ್ಕು. ಹುಡುಗನ ಮನೆಯ ಬಾಗಿಲಲ್ಲೇ ಅವರಿಗೆ ಮರ್ಯಾದೆ ಆಯಿತು. ಮಾಮಾನಿಗೆ ಮೊದಲು ಅಂತ ಹುಡುಗನ ತಾಯಿ ಬಿಳಿ ಟೋಪಿ ಹಾಕಿಸಿ ಹೆಗಲಿಗೆ ಟಾವೆಲ್ ಹೊದಿಸಿದರು. ಹೆಡ್‌ಮಾಸ್ತರರು ಕೂತವರೇ, ಯಾರೂ ಕೇಳದಿದ್ದರೂ, ಅವ್ವ ಮರದಿಂದ ಬಿದ್ದದ್ದನ್ನು ಹೇಳತೊಡಗಿದರು. ಎತ್ತಿನ ಬಣ್ಣವನ್ನೂ ಸೇರಿಸಿದರು. ಎಲ್ಲ ಸರಿಯಾಗಿತ್ತು. ಅವ್ವ ನೆಲ ನೋಡುತ್ತಾ ಕೂತಿದ್ದಳು.

ಅಂಗಳದಲ್ಲಿ ಸೈಕಲ್ ಮೋಟಾರ್ ನಿಂತ ಸದ್ದಾಯಿತು. ಅದಕ್ಕೆ ಕಟ್ಟಿದ ಹಾಲಿನ ಕ್ಯಾನುಗಳು ಒಂದಕ್ಕೊಂದು ತಾಗಿದವು. ಮಾಮಾ ದಿನಾ ಹಾಲು ಹಾಕಲು ಹುಮನಾಬಾದಿಗೆ ಬರುತ್ತಾನೆ, ಪಂಪ್‌ಸೆಟ್ ಅಂಗಡಿಯವರ ಮನೆ ಅವನಿಗೆ ಗೊತ್ತಿತ್ತು. ಬಾಗಿಲ ಹೊರಗೆ ನಿಂತು ಕೈಮುಗಿದ.

"ನಾ ಒಳಗ ಬರಂಗಿಲ್ರಿ. ಬರಂಗಿಲ್ಲ ಅಂತ ಹೇಳಾಕ ಬಂದೀನಿ."

ಒಳಜೇಬಿನ ಕಾಗದ ಬಿಚ್ಚಿ ಕೊಟ್ಟ. ಹುಡುಗನ ತಾಯಿ ಬೆಳಕಿಗೆ ಹಿಡಿದು ಓದಿದರು, ಇನ್ನೊಂದು ಸಲ ಓದಿದರು.

"ಇದ್ರಾಗ ಬರುವುದಿಲ್ಲ ಅಂತ ಅದಲ್ರಿ?"

"ಹೌದ್ರಿ."

"ಮತ್ತ ನೀವು ಯಾರ್ರಿ?"

"ಆ ಬರಲಾರದವ ನಾನೇ ರೀ."

ಹೆಡ್‌ಮಾಸ್ತರರು ಎದ್ದು ನಿಂತರು. "ಸೋದರಮಾವ ನಾನು. ಅಚ್ಚಾಗೀನಿ," ಅಂದರು. ನನ್ನ ಕೈಯಲ್ಲಿ ಫೋನ್ ಗುರ್ರೆನ್ನುತ್ತಿತ್ತು, ಮನೆಯಿಂದ ತಂಗಿ. ಎತ್ತಲಿಲ್ಲ. ಹುಡುಗ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡುತ್ತಿದ್ದ. ಹುಡುಗನ ತಾಯಿ ಕಾಗದ ಮಡಚಿ ಅವ್ವನ ಕಡೆ ತಿರುಗಿದರು. ದನಿಯಲ್ಲಿ ಸಕ್ಕರೆ ಇರಲಿಲ್ಲ.

"ಅವ್ವಾರ, ನೀವೇ ಹೇಳ್ರಿ. ಇವ್ರಿಬ್ರಾಗ ನಿಮ್ಮ ತಮ್ಮ ಯಾರು?"

ಹೆಡ್‌ಮಾಸ್ತರರ ಕಡೆ ಕೈ ಮಾಡಿದರೆ ತಂಗಿಯ ಮದುವೆ ಅಲ್ಲೇ ಗಟ್ಟಿ. ಅವ್ವನಿಗೂ ಅದು ಗೊತ್ತಿತ್ತು. ಅವಳು ಎದ್ದಳು. ಹೆಡ್‌ಮಾಸ್ತರರ ಮುಂದೆ ಹೋಗಿ ನಿಂತು, ಎರಡೂ ಕೈಯಿಂದ ಅವರ ತಲೆಯ ಟೋಪಿ ತೆಗೆದಳು. "ಸಿಟ್ಟಾಗಬ್ಯಾಡ್ರಿ ಮಾಸ್ತರ. ಇದು ನಿಮ್ಮದಲ್ರಿ." ಬಾಗಿಲ ತನಕ ನಡೆದು ಹೋಗಿ ಅದನ್ನು ಮಾಮಾನ ಬರಿದಾದ ತಲೆಗೆ ಇಟ್ಟಳು.

"ಎಲ್ಲಾರನ್ನೂ ಎಣಸಿದಿ, ನಿನ್ನೇ ಮರತಿ. ನೀ ಮರತ್ರ ನಾನರ ಎಣಸಬೇಕಿತ್ತು. ತಪ್ಪು ನಂದು ತಮ್ಮಾ. ಒಳಗ ಬಾ."

ಹನ್ನೊಂದು ವರ್ಷ ಯಾರ ಪಾಲಿಗೂ ಬಾರದಿದ್ದ ತಪ್ಪನ್ನು ಅವ್ವ ನಿಂತ ನಿಲುವಿನಲ್ಲಿ ತನ್ನ ಹೆಸರಿಗೆ ಹಚ್ಚಿಕೊಂಡಳು. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಹೆಡ್‌ಮಾಸ್ತರರ ತಲೆ ದೊಡ್ಡದು. ಟೋಪಿ ಮಾಮಾನ ಕಿವಿಯ ತನಕ ಇಳಿಯಿತು. ಅವನು ಅದನ್ನು ಮೇಲಕ್ಕೆ ಸರಿಸಿದ, ಅದು ಮತ್ತೆ ಇಳಿಯಿತು.

"ಇದು ದೊಡ್ಡದಾತಲ್ಲ ಅಕ್ಕ," ಅಂದ. ಆದರೆ ತೆಗೆಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದ.

ನಾನು ಹುಡುಗನ ತಾಯಿಗೆ ಡಬ್ಬಿಯ ಕಥೆಯನ್ನು ಮೊದಲಿನಿಂದ ಹೇಳಿದೆ. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಇಬ್ಬರು ಮಾಮಾಂದಿರನ್ನೂ ಮೇಲಿಂದ ಕೆಳಗೆ ನೋಡಿದರು.

"ನಮಗ ಇದ್ದದ್ದು ಒಂದೇ ಹೆದರ್ಕಿ, ಮಾಮಾ ಅಕ್ಷತಿ ಹೊತ್ನ್ಯಾಗ ಬಂದು ಜಗಳಾ ತಗೀತಾನ ಅಂತ. ಇವ್ರು ಮೊದ್ಲೇ ಬಂದು ಮುಗಿಸಿ ಬಿಟ್ರು," ಅಂದವರು ನನ್ನ ಕಡೆ ಬೆರಳು ಮಾಡಿದರು. "ಆದ್ರ ಲಗ್ನಪತ್ರಿಕಾ ಮಾತ್ರ ನೀವು ಎರಡ ಸಲ ಓದ್ರಿ ಯವ್ವಾ."

"ಈಗ ನನಗೊಂದು ಟೋಪಿ ಕಡಿಮಿ ಬಿತ್ತಲ್ರಿ," ಎಂದರು ಹೆಡ್‌ಮಾಸ್ತರರು. ದನಿ ಸ್ವಲ್ಪ ಏರಿತ್ತು. ಇನ್ನೊಂದು ಟೋಪಿ ತರಲು ಹುಡುಗ ಓಡಿದ ಓಟಕ್ಕೆ ಅಂಗಳದ ಹಾಲಿನ ಕ್ಯಾನು ಒಂದು ಉರುಳಿತು.

ಲಗ್ನಪತ್ರಿಕೆ ಬರೆಸಲು ಮಾಮಾನೇ ಅಂಗಡಿಗೆ ಬಂದ. ಎಮ್ ಡಬ್ಬಿ ಸುರಿದೆ. ಎರಡು ಸಾಲು ಬಂದವು. ನಾನು ಅವತ್ತು ದೊಡ್ಡ ಅಕ್ಷರ ಒತ್ತಿದ್ದು ಆಗ ತಿಳಿಯಿತು. ಮೊದಲು ರಾಜೇಶ್ವರದ ಹೆಡ್‌ಮಾಸ್ತರರು, ಅವರ ಕೆಳಗೆ ಬೇಮಳಖೇಡದ ಮಾಮಾ, ಅವನ ಮುಂದೆ 'ಬರುವುದಿಲ್ಲ.'

"ಮಾಸ್ತರನ್ನ ತಗೀಲೇನು?"

"ಇರಲಿ ಬಿಡು. ಪಾಠ ಮಾಡ್ಕೊಂಡು ಬಂದಾರ ಪಾಪ. ಕಡೀ ಮಾತ ತಗಿ."

ಉದ್ಧರಣ ಚಿಹ್ನೆ ಒತ್ತಿದೆ, ಅಡಿಗೆರೆ ಒತ್ತಿದೆ, ಆ ಒಂದು ಪದ ಅಳಿಸಿದೆ.

"ಅದು ಯಾವ ಡಬ್ಬ್ಯಾಗ ಹೋತು?"

"ತಳ ಇಲ್ಲದ್ದು ಒಂದು ಅದ ಮಾಮಾ. ಇನ್ನ ನಾ ಹುಡುಕಿದ್ರೂ ಸಿಗಂಗಿಲ್ಲ."

ಪರದೆಯ ಮೇಲೆ ಆ ಪದ ಇದ್ದ ಜಾಗವನ್ನು ಅವನು ಬಗ್ಗಿ ನೋಡಿದ. ಆಮೇಲೆ ಮೇಜಿನ ಗೇಣು ಜಾಗದಲ್ಲಿ ಮೊಣಕೈಯನ್ನು ಸರಿಯಾಗಿ ಊರಿಕೊಂಡ.

"ಈಗ ಟೋಪಿ ಯಾದಿ ಬರಿ," ಅಂದ. "ಮೊದ್ಲ ನಂದು."